ಪಿ.ಟಿ. ಮೇಷ್ಟ್ರ ಕೈರುಚಿ

ತನ್ನ ತಾಯಿ ತನ್ನ ಹೆಂಡತಿಯನ್ನು ಬಾಯಿ ತುಂಬ ಹೊಗಳುವುದನ್ನು ಕೇಳಿ ಹೊಟ್ಟೆ ಉರಿದುಕೊಂಡ ಗಂಡಸು ಈ ಭೂಮಂಡಲದಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಪಿ.ಟಿ. ಮೇಷ್ಟ್ರು. ಅತ್ತೆ ಸೊಸೆಯರ ಜಗಳದಲ್ಲಿ ಸಿಕ್ಕಿ ಅಡಕತ್ತರಿಯೊಳಗಿನ ಅಡಿಕೆಯಾದ ಗಂಡಂದಿರಿಗೆ ಲೆಕ್ಕವಿಲ್ಲ. ಅತ್ತೆ ಸೊಸೆಯರ ಪ್ರೀತಿಯಲ್ಲಿ ಸಿಕ್ಕಿ ಪುಡಿಪುಡಿಯಾದವರು ಮಾತ್ರ ಇವರೊಬ್ಬರೇ.

“ಅಬ್ಬಬ್ಬಾ, ಆ ಪಲ್ಯದ ಬಣ್ಣ ನೋಡು!” ಫೋನಿನ ಪರದೆಯ ತುಂಬ ಮೂಗೊಂದನ್ನೇ ತೋರಿಸುತ್ತ ಮೇಷ್ಟ್ರ ತಾಯಿ ಉದ್ಗರಿಸುತ್ತಿದ್ದರು. (ಫೋನನ್ನು ಎಷ್ಟು ದೂರ ಹಿಡಿಯಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಧೈರ್ಯವೂ ಯಾರಿಗೂ ಇರಲಿಲ್ಲ.) “ಇಲ್ಲಿವರೆಗೂ ಘಮ್ ಅಂತ ಬರ್ತಿದೆ ಕಣಮ್ಮ. ಇಡೀ ದಿನ ಆಸ್ಪತ್ರೇಲಿ ದುಡಿದು ಬಂದು ಇಷ್ಟೆಲ್ಲ ಮಾಡ್ತೀಯಲ್ಲ, ನಿನ್ನ ಕೈಗೆ ದೃಷ್ಟಿ ತೆಗೀಬೇಕು. ಎಲ್ಲಿ ಅವನು? ಕೂತಿದಾನಾ?”

“ಕೂತಿದಾರೆ ಅತ್ತೆ.”

“ಕೂತಿರ್ತಾನೆ. ಅವನಿಗೇನು!”

ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿ, ತಮಗೆ ಒಂದಕ್ಷರವೂ ಬಾರದ ಭಾಷೆಯ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದ ಮೇಷ್ಟ್ರು ಹಲ್ಲು ಕಡಿದರು. ಆ ಪಲ್ಯದ ಬದನೆಕಾಯಿಯನ್ನು ಅಂಗಡಿಯಲ್ಲಿ ಮುಟ್ಟಿ, ತಟ್ಟಿ ಆರಿಸಿದವರು ಅವರು. ಹೆಚ್ಚಿದವರು ಅವರು. ಒಗ್ಗರಣೆಯ ಘಾಟಿಗೆ ಸೀನಿದವರೂ ಅವರೇ. ಮುದ್ದಿನ ಸೊಸೆ ಮಾಡಿದ್ದು ಒಂದೇ ಕೆಲಸ: ಫೋನ್ ಬಂದ ಕೂಡಲೇ ಗಂಡನ ಕೈಯಿಂದ ಸೌಟು ಕಿತ್ತುಕೊಂಡದ್ದು.

ಇದಕ್ಕೊಂದು ಹಿನ್ನೆಲೆಯಿದೆ. ನಮ್ಮ ಮೇಷ್ಟ್ರು ಊರಿನ ಶಾಲೆಯಲ್ಲಿ ಒಂದು ಸೀಟಿ ಊದಿದರೆ ಹೆಡ್‌ಮಾಸ್ಟರ್ ಸಮೇತ ಎಲ್ಲರೂ ಸಾಲಾಗಿ ನಿಲ್ಲುತ್ತಿದ್ದ ಕಾಲವೊಂದಿತ್ತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ ಅವರ ಹೆಂಡತಿಗೆ ಹೊರದೇಶದ ಆಸ್ಪತ್ರೆಯೊಂದರಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಮೇಷ್ಟ್ರು ಸಂಬಳವಿಲ್ಲದ ರಜೆ ಹಾಕಿ ಹೆಂಡತಿಯ ಬೆನ್ನಿಗೆ ವಿಮಾನ ಹತ್ತಿದರು. ಇಳಿದ ಮೇಲೆ ನೋಡಿದರೆ ಅವರ ಕಾಗದಪತ್ರಗಳಲ್ಲೆಲ್ಲ ಅವರ ಉದ್ಯೋಗ, ಪದವಿ, ಬಿರುದು ಬಾವಲಿ ಎಲ್ಲವನ್ನೂ ಸೇರಿಸಿ ಒಂದೇ ಮಾತಿನಲ್ಲಿ ಮುಗಿಸಿದ್ದರು: ಅವಲಂಬಿತ.

ಆರನೇ ಮಹಡಿಯ ಮನೆ. ಹಾಲ್, ಅಡುಗೆಮನೆ ಎರಡೂ ಒಂದೇ ಕೋಣೆ, ನಡುವೆ ಒಂದು ಕಟ್ಟೆ. ಮೇಷ್ಟ್ರು ಮೊದಲ ದಿನ ಬೆಳಿಗ್ಗೆ ಅಭ್ಯಾಸಬಲದಿಂದ ಕೋಣೆಯ ನಡುವೆ ನಿಂತು ಕೈಕಾಲು ಅಗಲಿಸಿ ಎಗರತೊಡಗಿದರು. ತುಸು ಹೊತ್ತಿಗೆ ಬಾಗಿಲು ತಟ್ಟಿತು. ಕೆಳಗಿನ ಮನೆಯ ಮುದುಕರು ತಲೆಯ ಮೇಲೆ ಬಿದ್ದ ಸುಣ್ಣವನ್ನು ಬೆರಳಿನಿಂದ ತೋರಿಸಿ, ಅದೇ ಬೆರಳನ್ನು ತುಟಿಗೆ ಒತ್ತಿ, ಒಂದು ಮಾತೂ ಆಡದೆ ಇಳಿದುಹೋದರು. ಭಾಷೆ ಬಾರದಿದ್ದರೂ ಮೇಷ್ಟ್ರಿಗೆ ಪೂರ್ತಿ ಅರ್ಥವಾಯಿತು. ಅಂದಿನಿಂದ ಎಗರಾಟ ಬಂದ್. ಹೆಂಡತಿ ಬೆಳಕು ಹರಿಯುವ ಮೊದಲೇ ಬಸ್ಸು ಹಿಡಿದು ಹೋದರೆ ಬರುವುದು ಸಂಜೆಗೆ. ಅಲ್ಲಿಯವರೆಗೆ ಮೇಷ್ಟ್ರು ಕಿಟಕಿಯಲ್ಲಿ ನಿಂತು, ಕೆಳಗಿನ ಬೀದಿಯಲ್ಲಿ ಸಿಗ್ನಲ್ಲಿಗೆ ಕಾದು ಶಿಸ್ತಾಗಿ ರಸ್ತೆ ದಾಟುವ ಜನರನ್ನು ನೋಡುತ್ತಿರಬೇಕು. ತಾವು ಸೀಟಿ ಊದದೆಯೂ ಜನ ಇಷ್ಟು ಶಿಸ್ತಾಗಿದ್ದಾರಲ್ಲ ಎಂದು ಅವರಿಗೆ ಒಳಗೊಳಗೇ ಬೇಜಾರು.

ಇನ್ನು ಅಡುಗೆ. ಹೆಂಡತಿ ಜನರ ಚರ್ಮದೊಳಗಿನ ಮೂಳೆಯನ್ನು ನೋಡಿ ಬಿರುಕು ಗುರುತಿಸಬಲ್ಲಳು, ಆದರೆ ಕುಕ್ಕರಿನೊಳಗಿನ ಅನ್ನ ಬೆಂದಿದೆಯೋ ಇಲ್ಲವೋ ಮುಚ್ಚಳ ತೆಗೆದರೂ ಗುರುತಿಸಲಾರಳು. ಹಾಸ್ಟೆಲಿನಲ್ಲಿ ಓದಿ ಬೆಳೆದವಳು. ಅವಳ ಚಹಾ ಕುಡಿದರೆ ಬಿಸಿನೀರಿಗೂ ಒಂದು ರುಚಿಯಿದೆ ಎಂದು ಗೊತ್ತಾಗುತ್ತಿತ್ತು. ಕೊನೆಗೆ ಹಸಿವು ತಡೆಯಲಾರದೆ ಮೇಷ್ಟ್ರೇ ಕಣಕ್ಕಿಳಿದರು. ಉರಿಯೇ ಕಾಣದ, ಕನ್ನಡಿಯಂಥ ವಿದ್ಯುತ್ ಒಲೆ. ಹೊತ್ತಿದೆಯೋ ಇಲ್ಲವೋ ಎಂದು ಅಂಗೈ ಇಟ್ಟು ನೋಡಿ, ಹೊತ್ತಿದೆ ಎಂದು ಚೆನ್ನಾಗಿಯೇ ತಿಳಿದುಕೊಂಡರು. ಅನ್ನ ಸೀಯಿತು, ಬೇಳೆ ಉಕ್ಕಿತು, ಉಪ್ಪು ಎರಡೆರಡು ಸಲ ಬಿತ್ತು. ಆದರೆ ಛಲಗಾರ ಮನುಷ್ಯ. ಹುಡುಗರಿಗೆ ಉದ್ದ ಜಿಗಿತ ಕಲಿಸಿದ ಹಾಗೆ ತಮಗೆ ತಾವೇ ಪಾಕಶಾಸ್ತ್ರ ಕಲಿಸಿಕೊಂಡರು. ಚಳಿಗಾಲ ಮುಗಿಯುವ ಹೊತ್ತಿಗೆ ಅವರ ಕೈ ಎಂಥ ಹದಕ್ಕೆ ಬಂತೆಂದರೆ, ಹೆಂಡತಿ ಡಬ್ಬಿ ತೆರೆದರೆ ಎಕ್ಸ್‌ರೇ ಕೋಣೆಯ ಹೊರಗೆ ಕಾಲು ಮುರಿದುಕೊಂಡು ಕೂತವರೂ ತಲೆ ಎತ್ತಿ ಮೂಸುತ್ತಿದ್ದರಂತೆ. (ಇದು ಹೆಂಡತಿ ಹೇಳಿದ್ದು. ಉಪ್ಪು ಖಾರ ಹಚ್ಚುವ ಕೆಲಸ ಅವಳು ಅಡುಗೆಯಲ್ಲಿ ಮಾಡದಿದ್ದರೂ ಮಾತಿನಲ್ಲಿ ಮಾಡುತ್ತಿದ್ದಳು.)

ಹೀಗೆ ಎಲ್ಲ ಚೆನ್ನಾಗಿಯೇ ಇರುತ್ತಿತ್ತು, ಊರಿನಲ್ಲಿ ತಾಯಿಯೊಬ್ಬರು ಇಲ್ಲದಿದ್ದರೆ. ಮಗ ಕುಡಿದ ನೀರಿನ ಲೋಟವನ್ನು ಕೂತಲ್ಲಿಂದ ಎತ್ತಿಡಲು ಹೋದರೂ “ಅಯ್ಯೋ, ನಾನಿನ್ನೂ ಬದುಕಿದೀನಿ ಕಣೋ” ಎಂದು ಕಣ್ಣೊರೆಸಿಕೊಳ್ಳುವ ತಾಯಿ.

“ನಾನು ಸೌಟು ಹಿಡಿದಿದ್ದು ಅಮ್ಮ ನೋಡಿದ್ರೆ ಊಟ ಬಿಡ್ತಾಳೆ ಕಣೇ,” ಎಂದರು ಮೇಷ್ಟ್ರು.

“ಹಾಗಾದ್ರೆ ಏನು ಮಾಡೋಣ?”

“ಡ್ರಿಲ್ ಮಾಡೋಣ.”

ಮಾಡಿಯೇ ಬಿಟ್ಟರು. ಫೋನ್ ರಿಂಗಾದ ತಕ್ಷಣ ಮೇಷ್ಟ್ರು ಸೌಟನ್ನು ರಿಲೇ ಓಟದ ಕೋಲಿನಂತೆ ಹಿಂದಕ್ಕೆ ಚಾಚಬೇಕು. ಹೆಂಡತಿ ಓಡಿಬಂದು ಹಿಡಿಯಬೇಕು. ಮೇಷ್ಟ್ರು ಸೊಂಟದ ಟವೆಲ್ ಬಿಚ್ಚಿ ಅವಳ ಹೆಗಲಿಗೆ ಎಸೆದು, ಸೋಫಾಕ್ಕೆ ಹಾರಿ, ಪತ್ರಿಕೆ ಬಿಡಿಸಬೇಕು. ಆಮೇಲೆ ಫೋನ್ ಎತ್ತಬೇಕು. ಅಭ್ಯಾಸ ಎಷ್ಟು ಚೆನ್ನಾಗಿ ಆಯಿತೆಂದರೆ ಪಕ್ಕದ ಮನೆಯ ಫೋನ್ ರಿಂಗಾದರೂ ಇಬ್ಬರೂ ಜಾಗ ಬದಲಿಸಿ ನಿಂತಿರುತ್ತಿದ್ದರು.

ತಾವೇ ತೋಡಿದ ಹಳ್ಳ ಎಷ್ಟು ಆಳವಾಗಿದೆ ಎಂಬುದು ಮೇಷ್ಟ್ರಿಗೆ ತಿಳಿದದ್ದು ನಿಧಾನವಾಗಿ. ಸೊಸೆಯ ಅಡುಗೆಯ ಕೀರ್ತಿ ಮೊದಲು ಊರಿನ ಮನೆಯಲ್ಲಿ, ಆಮೇಲೆ ಬೀದಿಯಲ್ಲಿ, ಆಮೇಲೆ ನೆಂಟರಿಷ್ಟರಲ್ಲಿ ಹಬ್ಬಿತು. ಆ ಮನೆಯಲ್ಲೇ ಇದ್ದ ಅತ್ತಿಗೆಯಂತೂ ಫೋನಿನಲ್ಲಿ ಮಾತು ಬಿಟ್ಟರು. “ಆಸ್ಪತ್ರೇಲಿ ದುಡಿಯೋಳು ಅಷ್ಟು ಚೆನ್ನಾಗಿ ಮಾಡ್ತಾಳೆ, ಮನೇಲಿರೋಳಿಗೇನು ಧಾಡಿ” ಎಂದು ಅತ್ತೆಯ ಬಾಯಿಂದ ಮೂರು ಹೊತ್ತೂ ಕೇಳಿದರೆ ಯಾರು ತಾನೇ ಮಾತು ಬಿಡುವುದಿಲ್ಲ? ಸ್ವಂತ ತಂದೆ ಕೂಡ ಒಂದು ದಿನ ಪರದೆಗೆ ಬಂದು, “ಆ ಹುಡುಗಿ ಹೊರಗೂ ದುಡಿದು ಒಳಗೂ ದುಡಿಯುತ್ತೆ, ನೀನು ಅಲ್ಲಿ ಏನು ಮಾಡ್ತಿದೀಯಪ್ಪ?” ಎಂದು ಬಹಳ ಮೃದುವಾಗಿ ಕೇಳಿದರು. ಮೇಷ್ಟ್ರಿಗೆ ನಿಜಕ್ಕೂ ನೋವಾದ ಮಾತು ಅದು. ಸೀಟಿ ಹೋಯಿತು, ಮೈದಾನ ಹೋಯಿತು, ‘ನಮಸ್ತೇ ಸಾರ್’ ಹೋಯಿತು. ಈ ಪರದೇಶದಲ್ಲಿ ಅವರು ಹೊಸದಾಗಿ ಸಂಪಾದಿಸಿದ್ದು ಒಂದೇ ಒಂದು ವಿದ್ಯೆ, ಅದೂ ಹೆಂಡತಿಯ ಖಾತೆಗೆ ಜಮಾ ಆಗುತ್ತಿತ್ತು.

“ಹೇಳಿಬಿಡ್ರೀ ನಿಜಾನ,” ಎಂದಳು ಹೆಂಡತಿ. “ನನಗೂ ಸಾಕಾಗಿದೆ. ಮೊನ್ನೆ ಅತ್ತೆ, ‘ಇಂಗು ಮೊದಲೋ ಸಾಸಿವೆ ಮೊದಲೋ’ ಅಂತ ಕೇಳಿದಾಗ ನೀವು ಸೋಫಾದಿಂದ ಏನೋ ಕೈಸನ್ನೆ ಮಾಡಿದ್ರಿ. ನನಗೆ ಬಲಕ್ಕೆ ತಿರುಗು ಅಂದ ಹಾಗೆ ಕಾಣಿಸ್ತು, ತಿರುಗಿ ಗೋಡೆ ನೋಡ್ಕೊಂಡು ನಿಂತೆ!”

“ಸುಮ್ನೆ ಹೇಳಿದ್ರೆ ಅಮ್ಮ ಅಳ್ತಾಳೆ. ಅದಕ್ಕೊಂದು ಸಂದರ್ಭ ಬೇಕು.”

ಸಂದರ್ಭ ತಾನಾಗಿಯೇ ಒದಗಿಬಂತು. ಮೇಷ್ಟ್ರ ತಾಯಿ ಸದಸ್ಯೆಯಾಗಿರುವ ಮಹಿಳಾ ಮಂಡಳಿಯ ಅಧ್ಯಕ್ಷಿಣಿ ಭಾನುವಾರದ ಸಭೆಗೆ ಹೊಸ ಕಾರ್ಯಕ್ರಮ ಹಾಕಿದರು: ಹೊರದೇಶದ ಸೊಸೆಯಿಂದ ಬದನೆಕಾಯಿ ಪಲ್ಯದ ಪ್ರಾತ್ಯಕ್ಷಿಕೆ, ದೊಡ್ಡ ಟೀವಿಯಲ್ಲಿ, ನೇರಪ್ರಸಾರ! “ಮುಖ ನೋಡಿ ನಮಗೇನಾಗ್ಬೇಕು? ಪಾತ್ರೆ ಕಾಣ್ಲಿ, ಕೈ ಕಾಣ್ಲಿ,” ಎಂದು ಅಪ್ಪಣೆಯೂ ಆಯಿತು.

ಹೆಂಡತಿ ತಲೆಯ ಮೇಲೆ ಕೈಹೊತ್ತು ಕೂತಳು. ಮೇಷ್ಟ್ರ ಕಣ್ಣು ಮಾತ್ರ ಫಳಫಳ ಹೊಳೆಯಿತು.

“ಕೈ ಕಾಣ್ಲಿ ಅಂದ್ರಲ್ಲ, ನನ್ನ ಕೈ ಕಾಣುತ್ತೆ. ಮಾತು ನಿಂದು, ಕೈ ನಂದು. ಪಲ್ಯ ಮುಗಿದು ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ನೀನು ಫೋನನ್ನ ನನ್ನ ಮುಖಕ್ಕೆ ತಿರುಗಿಸು. ‘ಅಮ್ಮಾ, ಈ ಕೈ ನನ್ನದು’ ಅಂತೀನಿ. ಅಷ್ಟು ಜನ ಮೆಚ್ಚಿದ ಮೇಲೆ ಅಮ್ಮ ಹೇಗೆ ಅಳ್ತಾಳೆ? ಹೆಮ್ಮೆಪಡ್ತಾಳೆ!”

“ನಿಮ್ಮ ಕೈ ನೋಡಿದ ತಕ್ಷಣ ಗೊತ್ತಾಗಲ್ವಾ? ಕರಡಿ ಕೈ ಥರ ಇದೆ.”

ಮೇಷ್ಟ್ರು ತಮ್ಮ ಮುಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಾತಿನಲ್ಲಿ ಸತ್ಯವಿತ್ತು.

ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಸೋಪಿನ ನೊರೆ ಹಚ್ಚಿಕೊಂಡು, ಗಡ್ಡ ಕೆರೆಯುವ ರೇಜರಿನಿಂದ ಮೊಣಕೈಯವರೆಗೆ ಎರಡೂ ತೋಳುಗಳ ಕಟಾವು ಮಾಡಿದರು. ಚರ್ಮ ಕೆಂಪಗೆ ದದ್ದರಿಸಿತು, ಅಲ್ಲಲ್ಲಿ ಗೀರು ಬಿತ್ತು. ಹೆಂಡತಿ ಉಗುರಿಗೆ ಬಣ್ಣ ಬಳಿದಳು. ಕೊನೆಗೆ ಗಾಜಿನ ಬಳೆಗಳು. ಎಣ್ಣೆ ಸವರಿ, ಬೆರಳು ಹಿಂಡಿ, ಮೇಷ್ಟ್ರು “ಅಯ್ಯಯ್ಯೋ” ಎನ್ನುತ್ತಿದ್ದ ಹಾಗೆಯೇ ಅವಳು ಒಂದೊಂದಾಗಿ ನೂಕಿದಳು. ಹಗ್ಗಜಗ್ಗಾಟದಲ್ಲಿ ಸೋತ ಹುಡುಗರಿಗೆ “ಕೈಗೆ ಬಳೆ ತೊಟ್ಕೊಂಡಿದೀರೇನ್ರೋ?” ಎಂದು ಗದರಿಸುತ್ತಿದ್ದ ಬಾಯಿ ಅದೇ. ಆ ಹುಡುಗರೆಲ್ಲ ಈಗ ದೂರದಲ್ಲಿದ್ದಾರಲ್ಲ ಎಂದು ಮೇಷ್ಟ್ರು ಸಮಾಧಾನ ಮಾಡಿಕೊಂಡರು.

ಫೋನನ್ನು ಮೇಲಿನ ಬೀರುವಿನ ಹಿಡಿಗೆ ಮುಖ ಕೆಳಗಾಗಿ ಕಟ್ಟಿದ್ದಾಯಿತು. ಬಾಣಲೆ, ಅದರ ಮೇಲೆ ಎರಡು ಕೈ, ಅಷ್ಟೇ ಕಾಣುತ್ತಿತ್ತು. ಆ ಕಡೆ ಮಂಡಳಿಯ ಹೆಂಗಸರ ಗದ್ದಲ, ಕುರ್ಚಿ ಎಳೆದಾಟ, ಎಲ್ಲಕ್ಕೂ ಮೇಲೆ ತಾಯಿಯ ಧ್ವನಿ: “ಸದ್ದು ಮಾಡ್ಬೇಡಿ, ನನ್ನ ಸೊಸೆ ಶುರು ಮಾಡ್ತಾಳೆ!”

ಗಂಡನ ಹೆಗಲಿಗೆ ಅಂಟಿ ನಿಂತ ಹೆಂಡತಿ, ಕಂಠಪಾಠ ಮಾಡಿದ್ದನ್ನು ಒಪ್ಪಿಸತೊಡಗಿದಳು. “ಎಲ್ಲರಿಗೂ ನಮಸ್ಕಾರ. ಮೊದಲು ಎಣ್ಣೆ ಕಾಯಿಸ್ಕೊಳ್ಳಿ. ಈಗ ನಾನು ಸಾಸಿವೆ ಹಾಕ್ತೀನಿ.” ಮೇಷ್ಟ್ರ ಬಳೆಯ ಕೈ ನಯವಾಗಿ ಸಾಸಿವೆ ಹಾಕಿತು. ಚಟಪಟ ಎಂದಿತು. “ಈಗ... ಈಗ...” ಹೆಂಡತಿಗೆ ಮುಂದಿನದು ಮರೆತೇಹೋಯಿತು. ಗಾಬರಿಯಲ್ಲಿ, ದಿನವೂ ಆಸ್ಪತ್ರೆಯಲ್ಲಿ ಹೇಳಿ ಹೇಳಿ ನಾಲಿಗೆಗೆ ಹತ್ತಿದ ಮಾತೇ ಬಾಯಿಗೆ ಬಂತು. “ಈಗ ಉಸಿರು ಬಿಗಿ ಹಿಡೀರಿ. ಅಲುಗಾಡ್ಬೇಡಿ.”

ಆ ಕಡೆ ಮಂಡಳಿಗೆ ಮಂಡಳಿಯೇ ಉಸಿರು ಬಿಗಿ ಹಿಡಿದು ಕೂತಿತ್ತು. ಮೇಷ್ಟ್ರು ಇಂಗು, ಮೆಣಸಿನಕಾಯಿ, ಕರಿಬೇವು ಎಲ್ಲವನ್ನೂ ಲಗುಬಗೆಯಿಂದ ಹಾಕಿ, ಬದನೆಕಾಯಿ ಸುರಿದು, ಮೊಣಕೈಯಿಂದ ಹೆಂಡತಿಯನ್ನು ತಿವಿದರು.

“ಹಾಂ, ಈಗ ಬಿಡಿ,” ಎಂದಳು ಹೆಂಡತಿ.

ಅಷ್ಟೂ ಜನ ಒಟ್ಟಿಗೆ ಉಸಿರುಬಿಟ್ಟ ಸದ್ದು ಕೇಳಿಸಿತು. “ಎಂಥ ಯುಕ್ತಿ ನೋಡಿ!” ಎಂದರು ಅಧ್ಯಕ್ಷಿಣಿ. “ಉಸಿರು ಹಿಡಿದು ಒಗ್ಗರಣೆ ಹಾಕಿದ್ರೆ ಘಾಟು ಏರೋದಿಲ್ಲ. ನಮಗೆ ಇಷ್ಟು ವರ್ಷ ಹೊಳೀಲೇ ಇಲ್ಲವಲ್ಲ!”

ಪಲ್ಯ ಹದವಾಗಿ ಬೆಂದು, ಕೊತ್ತಂಬರಿ ಸೊಪ್ಪು ಬಿದ್ದು, ಎಣ್ಣೆ ಮಿಂಚುತ್ತ ತಯಾರಾಯಿತು. ಮೇಷ್ಟ್ರ ಜೀವಮಾನದ ಶ್ರೇಷ್ಠ ಪಲ್ಯ ಅದು. ಬಾಣಲೆಯನ್ನು ಪರದೆಗೆ ಸರಿಯಾಗಿ ಕಾಣುವಂತೆ ಎತ್ತಿಹಿಡಿದು, ಎದೆ ಉಬ್ಬಿಸಿ ಚಪ್ಪಾಳೆಗೆ ಕಾದರು.

ಚಪ್ಪಾಳೆ ಬರಲಿಲ್ಲ. ಯಾರೋ ಲೊಚಗುಟ್ಟಿದ ಸದ್ದು ಬಂತು.

“ಪಾಪ, ಆ ಹುಡುಗಿ ಕೈ ನೋಡಿದ್ರಾ?”

“ಹೌದಲ್ವಾ! ಸೌದೆ ಒಡೆಯೋರ ಕೈ ಥರ ಆಗಿದೆ.”

“ಕೆಂಪಗೆ ಸುಲಿದು ಹೋಗಿದೆ. ಗೀರು ಬೇರೆ. ಮಣಿಕಟ್ಟು ಹೇಗೆ ಊದಿದೆ ನೋಡ್ರೀ, ಬಳೆ ಒಳಗೇ ಹೂತುಹೋಗಿದೆ!”

“ಗಂಡ ಏನೂ ಮಾಡಲ್ವಂತೆ. ಕೂತ್ಕೊಂಡು ಪೇಪರ್ ಓದ್ತಾನಂತೆ.”

ಆಮೇಲೆ ಕೇಳಿಸಿದ್ದು ತಾಯಿಯ ಅಳು. “ಮದುವೇಲಿ ಧಾರೆ ಎರೆಸ್ಕೊಂಡಾಗ ಹೂವಿನ ಥರ ಇತ್ತು ಆ ಕೈ. ಏನು ಮಾಡಿಬಿಟ್ಟ ಇವನು! ಎಲ್ಲಿ ಅವನು? ಕರಿಯಮ್ಮ ಅವನ್ನ!”

ಹೆಂಡತಿ ಬೇರೆ ದಾರಿ ಕಾಣದೆ ಫೋನು ಬಿಚ್ಚಿ ಗಂಡನ ಕಡೆ ತಿರುಗಿಸಿದಳು. ಮೇಷ್ಟ್ರು ಸರಕ್ಕನೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆಮೇಲೆ, ಇಷ್ಟಾದ ಮೇಲೆ ಇನ್ನೇನು ಬಚ್ಚಿಡುವುದು ಎಂದು ಗಂಟಲು ಸರಿಮಾಡಿಕೊಂಡು, ಎರಡೂ ಕೈಗಳನ್ನು ಪರದೆಯ ಮುಂದೆ ಚಾಚಿಯೇಬಿಟ್ಟರು. ಬಳೆಗಳು ಝಣ್ ಎಂದವು.

“ಅಮ್ಮಾ, ಆ ಕೈ ನನ್ನದು! ಪಲ್ಯ ಮಾಡಿದ್ದು ನಾನು. ಇವತ್ತಲ್ಲ, ಬಂದಾಗಿನಿಂದ ನಾನೇ ಮಾಡ್ತಿದೀನಿ!”

ಮರುಕ್ಷಣ ತಾಯಿಯ ಮೂಗು ಪರದೆ ತುಂಬ ಕೆರಳಿತು.

“ನಾಚಿಕೆ ಆಗಲ್ವೇನೋ? ಅವಳ ಕೈಬಳೆ ಕಿತ್ತು ಹಾಕ್ಕೊಂಡು ಬಂದು ತಮಾಷೆ ಮಾಡ್ತೀಯಾ? ಅವಳು ಪಟ್ಟ ಕಷ್ಟನ ನಂದು ಅಂತೀಯಾ? ಕುಡಿದ ಲೋಟ ಎತ್ತಿಡದವನು ಒಗ್ಗರಣೆ ಹಾಕಿದ್ನಂತೆ!”

“ಎತ್ತಿಡೋಕೆ ನೀನೇ ಬಿಡ್ಲಿಲ್ಲವಲ್ಲಮ್ಮ! ಲೇ, ನೀನಾದ್ರೂ ಹೇಳೇ!”

ಹೆಂಡತಿ ಮುಂದೆ ಬಂದಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. “ಹೌದು ಅತ್ತೆ. ಅವರು ಹೇಳ್ತಿರೋದು ನಿಜ. ಅಡುಗೆ ಎಲ್ಲ ಅವರೇ ಮಾಡೋದು. ನನಗೆ ಒಂದು ಅನ್ನ ಮಾಡೋಕೂ ಬರಲ್ಲ. ನಾನು ಬರೀ ಸೌಟು ಹಿಡ್ಕೊಂಡು ನಿಂತಿರ್ತಿದ್ದೆ, ಅಷ್ಟೆ. ಅವರನ್ನ ಬೈಬೇಡಿ.”

ಆ ಕಡೆಯಿಂದ ಅಧ್ಯಕ್ಷಿಣಿಯ ಗದ್ಗದ ಕಂಠ ಕೇಳಿಸಿತು. “ನೋಡಿದ್ರಾ? ಗಂಡನ ಮಾನ ಉಳಿಸೋಕೆ ತನಗೆ ಅನ್ನ ಮಾಡೋಕೂ ಬರಲ್ಲ ಅಂತಿದಾಳೆ! ಇಂಥ ಹುಡುಗಿ ಈ ಕಾಲದಲ್ಲಿ ಎಲ್ಲಿ ಸಿಗ್ತಾಳ್ರೀ?”

ಮೇಷ್ಟ್ರು ಕಾದಿದ್ದ ಚಪ್ಪಾಳೆ ಆಗ ಬಂತು. ಟೀವಿಯ ಮುಂದಿದ್ದವರೆಲ್ಲ ಎದ್ದು ನಿಂತು ತಟ್ಟಿದರಂತೆ. ಅದು ನಿಲ್ಲುವ ಮೊದಲೇ ತಾಯಿಯ ತೀರ್ಪೂ ಹೊರಬಿತ್ತು: “ನಾಳೆಯಿಂದ ಅವಳು ಒಲೆ ಮುಟ್ಟಕೂಡದು. ನೀನೇ ಅಡುಗೆ ಮಾಡ್ಬೇಕು. ಅವಳು ಸೋಫಾದ ಮೇಲೆ ಕೂತು ಹೇಳಿಕೊಡ್ಲಿ. ನಾನು ದಿನಾ ಫೋನಲ್ಲಿ ನೋಡ್ತೀನಿ. ಕಲೀಬೇಕು ಕಣೋ, ಸೋಮಾರಿ!”

ಫೋನು ಆರಿತು. ಇಂಗು ತಿಂದ ಮಂಗನಂತೆ ನಿಂತಿದ್ದ ಮೇಷ್ಟ್ರನ್ನು ಹೆಂಡತಿ ಕೈಹಿಡಿದು ಸೋಫಾದ ಮೇಲೆ ಕೂರಿಸಿ, ಎಣ್ಣೆ ಸವರಿ ಒಂದೊಂದೇ ಬಳೆ ಬಿಡಿಸತೊಡಗಿದಳು. ನಗು ತಡೆದುಕೊಳ್ಳಲು ಅವಳು ಪಡುತ್ತಿದ್ದ ಪಾಡು ಅವಳ ಭುಜದಲ್ಲಿ ಕಾಣುತ್ತಿತ್ತು.

“ನಗು, ನಗು. ಪೂರ್ತಿ ನಕ್ಕುಬಿಡು.”

“ಇಲ್ಲಪ್ಪ.” ಅವಳು ಸುಲಿದ ಮಣಿಕಟ್ಟಿನ ಮೇಲೆ ಮೆಲ್ಲಗೆ ಊದಿದಳು. “ರೀ, ಯಾರು ನಂಬಿದ್ರೆಷ್ಟು ಬಿಟ್ರೆಷ್ಟು? ದಿನಾ ಆ ಕತ್ತಲೆ ಕೋಣೇಲಿ ನಿಂತೂ ನಿಂತೂ ಕಾಲು ಸೋತಾಗ, ಮನೇಲಿ ಏನು ಮಾಡಿಟ್ಟಿರ್ತೀರೋ ಅಂತ ನೆನೆಸ್ಕೊಂಡೇ ನಾನು ಬಸ್ಸು ಹತ್ತೋದು. ನಿಮ್ಮ ಕೈ ಯಾವುದು ಅಂತ ನನಗೆ ಗೊತ್ತು. ಸಾಲ್ದಾ?”

ಸಾಕು ಎಂದೇ ಮೇಷ್ಟ್ರಿಗೆ ಅನ್ನಿಸಿತು. ಕಣ್ಣೂ ಒದ್ದೆಯಾಯಿತು. ಆದರೆ ಪಲ್ಯ ಬಾಯಿಗಿಟ್ಟ ಕೂಡಲೇ, ಇಂಥ ಪಲ್ಯ ಮಾಡಿಯೂ ಸೋಮಾರಿ ಅನ್ನಿಸಿಕೊಂಡೆನಲ್ಲ ಎಂದು ಮತ್ತೆ ಉರಿಯಿತು. ಎರಡು ಸಲ ಬಡಿಸಿಕೊಂಡು ತಿಂದರು.

ಮರುದಿನದಿಂದ ಹೊಸ ಡ್ರಿಲ್. ಫೋನ್ ಬಂದಾಗ ಯಾರೂ ಎಲ್ಲಿಗೂ ಓಡಬೇಕಾಗಿರಲಿಲ್ಲ. ಮೇಷ್ಟ್ರು ರಾಜಾರೋಷವಾಗಿ ಒಲೆಯ ಮುಂದೆ, ಹೆಂಡತಿ ಸೋಫಾದ ಮೇಲೆ. ಅವಳು ಆಗಾಗ “ಹಾಂ, ಹಾಗೇ. ಇನ್ನೊಂಚೂರು ತಿರುವಿ” ಎಂದು ಗುರುವಿನ ಗತ್ತಿನಲ್ಲಿ ಹೇಳುವಳು. ಏನನ್ನು ತಿರುವಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ತಾಯಿ ಕಣ್ಣು ಮಿಟುಕಿಸದೆ ಎಲ್ಲವನ್ನೂ ನೋಡಿ, ಕೊನೆಗೆ ಬಾಣಲೆಯನ್ನು ಹತ್ತಿರ ತರಿಸಿ ಪರೀಕ್ಷಿಸಿದರು.

“ಪರವಾಗಿಲ್ಲ ಕಣೋ,” ಎಂದರು. “ಚೆನ್ನಾಗೇ ಮಾಡಿದೀಯ.”

ಮೇಷ್ಟ್ರ ಎದೆ ಹಿಗ್ಗಿತು. ಎಷ್ಟು ತಿಂಗಳ ಮೇಲೆ ಬಂದ ಮಾತು! ಅವರು ಬಾಯಿ ತೆರೆಯುವ ಮೊದಲೇ ತಾಯಿ ಮುಂದುವರಿಸಿದರು.

“ಅಲ್ಲ ಕಣಮ್ಮ, ಇಂಥವನಿಗೆ ಒಂದೇ ದಿನದಲ್ಲಿ ಕಲಿಸಿಬಿಟ್ಟೆಯಲ್ಲ, ನೀನು ಮನುಷ್ಯಳೋ ದೇವತೆಯೋ! ಮಂಡಳಿಯಲ್ಲಿ ಎಲ್ಲರಿಗೂ ಹೇಳಿದೀನಿ. ಬರೋ ಭಾನುವಾರ ಎಲ್ಲರೂ ಗಂಡಂದಿರನ್ನ ಕರ್ಕೊಂಡೇ ಬರ್ತಾರಂತೆ. ಗಂಡನಿಗೆ ಅಡುಗೆ ಕಲಿಸೋದು ಹೇಗೆ ಅಂತ ನೀನು ಭಾಷಣ ಮಾಡ್ಬೇಕು. ಆಯ್ತಾ?”

ಹೆಂಡತಿಯ ಮುಖ ಬಿಳಿಚಿಕೊಂಡಿತು. ಫೋನನ್ನು ಸೆರಗಿನಿಂದ ಮುಚ್ಚಿ, ಕಟ್ಟೆಯ ಹತ್ತಿರ ಬಂದು ಪಿಸುಗುಟ್ಟಿದಳು.

“ರೀ, ನಾನು ನಿಮಗೆ ಅಡುಗೆ ಹೇಗೆ ಕಲಿಸಿದೆ? ಸ್ವಲ್ಪ ಹೇಳಿಕೊಡ್ತೀರಾ?”

ಮೇಷ್ಟ್ರು ಒಮ್ಮೆ ಹೆಂಡತಿಯನ್ನು, ಒಮ್ಮೆ ಬಾಣಲೆಯನ್ನು ನೋಡಿದರು. ಆಮೇಲೆ ಒಲೆ ಆರಿಸಿ, ಕೈ ಒರೆಸಿಕೊಂಡು, ಪಾಠ ಶುರು ಮಾಡಿದರು.